ಸೊಹ್ರಾದ ಮಳೆಯಲ್ಲಿ ಒಂದು ಸಭೆ, ನಮ್ಮೂರಿನ ಒಂದು ಕಡತ

ಆಗುಂಬೆ ಘಾಟಿಯ ಬುಡದ ಊರಿನವನು ನಾನು. ಶಾಲೆಯಲ್ಲಿ ಭೂಗೋಳದ ಮೇಷ್ಟ್ರು ಆಗುಂಬೆಯನ್ನು ‘ದಕ್ಷಿಣದ ಚಿರಾಪುಂಜಿ’ ಎಂದಾಗಲೆಲ್ಲ ನಮಗೆ ಎದೆಯುಬ್ಬುತ್ತಿತ್ತು. ಆ ಉತ್ತರದ ಚಿರಾಪುಂಜಿಯನ್ನು ಒಂದು ದಿನ ಕಣ್ಣಾರೆ ನೋಡುತ್ತೇನೆ, ಅದರ ಪಕ್ಕದಲ್ಲೇ ಬದುಕು ಕಟ್ಟಿಕೊಳ್ಳುತ್ತೇನೆ ಎಂದು ಆಗ ಕನಸಿನಲ್ಲೂ ಅಂದುಕೊಂಡಿರಲಿಲ್ಲ. ನೌಕರಿ ಶಿಲ್ಲಾಂಗಿಗೆ ತಂದು ಬಿಟ್ಟು ಈಗ 17 ವರ್ಷ.

ಬಂದ ಮೊದಲ ಜೂನಿನಲ್ಲೇ ಅಲ್ಲಿಗೆ ಹೊರಟೆ. ಶಿಲ್ಲಾಂಗಿನಿಂದ ಐವತ್ತು ಚಿಲ್ಲರೆ ಕಿಲೋಮೀಟರ್. ಲೈಟ್‌ಲಿಂಗ್‌ಕೋಟ್ ಹತ್ತಿರ ಆಲೂಗಡ್ಡೆ ಹೊಲದಲ್ಲಿ ನಾಲ್ಕೈದು ಹೆಂಗಸರು ಜಡಿಮಳೆಗೆ ಬೆನ್ನು ಕೊಟ್ಟು ಬಗ್ಗಿ ಕೆಲಸ ಮಾಡುತ್ತಿದ್ದರು. ಒಬ್ಬೊಬ್ಬರ ಬೆನ್ನ ಮೇಲೂ ದೋಣಿ ಕವುಚಿ ಹಾಕಿದಂಥ ಹೊದಿಕೆ. ಬಿದಿರಿನ ಸೀಳು ಹೆಣೆದು, ನಡುವೆ ಎಲೆ ಹಾಸಿ ಮಾಡಿದ್ದು. ತಲೆಯಿಂದ ಸೊಂಟದ ಕೆಳಗಿನವರೆಗೆ ಒಂದು ಹನಿ ತಾಗಬಾರದು, ಎರಡೂ ಕೈ ಮಾತ್ರ ಕೆಲಸಕ್ಕೆ ಬಿಡುವಾಗಿರಬೇಕು. “ಗೊರಬು!” ಎಂದು ಕೂಗಿಬಿಟ್ಟೆ. ನಮ್ಮಲ್ಲಿ ನೇಜಿ ನೆಡುವಾಗ ಅಜ್ಜಿ ಹೊದೆಯುತ್ತಿದ್ದ ಅದೇ ಗೊರಬು. ಇಲ್ಲಿ ಅದರ ಹೆಸರು ಕ್ನುಪ್. ಜೊತೆಗಿದ್ದ ಸಹೋದ್ಯೋಗಿ ನನ್ನ ಮುಖ ನೋಡಿ ನಕ್ಕು, ಚೀಲದಿಂದ ಒಂದು ಹೋಳು ಅಡಿಕೆ, ಸುಣ್ಣ ಸವರಿದ ವೀಳ್ಯದೆಲೆ ತೆಗೆದು ಕೈಗಿಟ್ಟ. ಅದು ಕ್ವಾಯ್. ಈ ಗುಡ್ಡನಾಡಿನ ಜನರಾದ ಖಾಸಿಗಳ ಮನೆಗೆ ಯಾರು ಹೋದರೂ ಮೊದಲು ಸಿಗುವುದು ಕ್ವಾಯ್. ತೀರಿಕೊಂಡವರನ್ನು ಅವರು ‘ದೇವರ ಬಾಗಿಲಲ್ಲಿ ಕ್ವಾಯ್ ತಿನ್ನುತ್ತಿದ್ದಾನೆ’ ಎಂದು ನೆನೆಯುತ್ತಾರೆ. ಎಲೆ-ಅಡಿಕೆಯ ಹರಿವಾಣ ಮುಂದಿಟ್ಟು ಮಾತು ಶುರುಮಾಡುವ ಸೀಮೆಯವನಿಗೆ ಇದಕ್ಕಿಂತ ದೊಡ್ಡ ಸ್ವಾಗತ ಬೇಕೇ?

ಚಿರಾಪುಂಜಿಯ ನಿಜವಾದ ಹೆಸರು ಸೊಹ್ರಾ. ಬ್ರಿಟಿಷರ ಬಾಯಲ್ಲಿ ಅದು ಚೆರ್ರಾ ಆಯಿತು, ಆಮೇಲೆ ಚಿರಾಪುಂಜಿ. ಈಗ ಇಲ್ಲಿಯವರು ತಮ್ಮ ಹೆಸರನ್ನು ಮರಳಿ ತಂದುಕೊಂಡಿದ್ದಾರೆ, ನಾನೂ ಹಾಗೇ ಕರೆಯುತ್ತೇನೆ. ಸೊಹ್ರಾದ ಒಂದು ಮಗ್ಗುಲಿಗೆ ನೊಂಗ್‌ಸಾವ್ಲಿಯಾ ಎಂಬ ಹಳ್ಳಿ. ಅಲ್ಲಿರುವ ಪ್ರೆಸ್ಬಿಟೇರಿಯನ್ ಕ್ರೈಸ್ತ ಸಭೆ ಈ ಗುಡ್ಡನಾಡಿನ ಇಂಥ ಎಲ್ಲ ಸಭೆಗಳಿಗೂ ತಾಯಿಬೇರು. ಹುಟ್ಟಿದ್ದು 1846ರಲ್ಲಿ. ನನಗೆ ಮತಧರ್ಮದ ಪಾಂಡಿತ್ಯ ಇಲ್ಲ, ನಾನು ಕ್ರೈಸ್ತನೂ ಅಲ್ಲ. ಮನೆಯಲ್ಲಿ ದೈವಕ್ಕೆ ತಂಬಿಲ ಕಟ್ಟುವ ಕುಟುಂಬದವನು. ಆದರೆ ಒಂದು ಹಳ್ಳಿಯ ಜನ ಒಂದು ವ್ಯವಸ್ಥೆಯನ್ನು ಸುಮಾರು 180 ವರ್ಷ ಎಡೆಬಿಡದೆ ನಡೆಸಿಕೊಂಡು ಬಂದದ್ದನ್ನು ಹತ್ತಿರದಿಂದ ಕಂಡಿದ್ದೇನೆ, ಅದು ನನ್ನನ್ನು ಬಹಳ ಕಾಡಿದೆ.

ಪ್ರೆಸ್ಬಿಟೇರಿಯನ್ ಎಂದರೆ ನಮ್ಮ ಕಡೆಯ ಹೆಚ್ಚಿನವರಿಗೆ ಬಾಯಿ ತಿರುಗದ ಇನ್ನೊಂದು ಪಂಗಡದ ಹೆಸರು, ಅಷ್ಟೆ. ಒಳಗಿರುವ ಅರ್ಥ ಸರಳ. ಗ್ರೀಕಿನಲ್ಲಿ ಪ್ರೆಸ್ಬಿಟೆರೋಸ್ ಎಂದರೆ ಹಿರಿಯ. ಮೇಲೆ ಬಿಷಪ್ ಇಲ್ಲ. ಊರಿನ ಸಭೆಯವರೇ ತಮ್ಮೊಳಗಿಂದ ಮತ ಹಾಕಿ ಹಿರಿಯರನ್ನು ಆರಿಸುತ್ತಾರೆ. ಆ ಹಿರಿಯರು ಮತ್ತು ಪಾದ್ರಿ ಸೇರಿ ಸಭೆ ನಡೆಸುತ್ತಾರೆ. ಸುತ್ತಲಿನ ಸಭೆಗಳ ಹಿರಿಯರೂ ಪಾದ್ರಿಗಳೂ ಸಮನಾಗಿ ಕುಳಿತು ತೀರ್ಮಾನ ಮಾಡುವ ಕೂಟಗಳು ಮೇಲಿನ ಮೆಟ್ಟಿಲು. ಖಾಸಿಯಲ್ಲಿ ಸಭೆಗೆ ‘ಬಲಾಂಗ್’, ಸಭೆಯ ಹಿರಿಯನಿಗೆ ‘ಟಿಮ್ಮೆನ್ ಬಸನ್’ ಎನ್ನುತ್ತಾರೆ. ಬಸನ್ ಎಂಬುದು ಮಿಷನರಿಗಳು ತಂದ ಪದ ಅಲ್ಲ. ಖಾಸಿ ಅರಸೊತ್ತಿಗೆಗಳಲ್ಲಿ ಸೀಯೆಮ್‌ನನ್ನು, ಅಂದರೆ ಅರಸನನ್ನು, ಆರಿಸುವ ಊರ ಮುಖಂಡರಲ್ಲಿ ಬಸನ್ ಒಬ್ಬ. ಊರಿನವರೆಲ್ಲ ಕೂತು ಮಾತಾಡುವ ‘ದರ್ಬಾರ್ ಶ್ನೋಂಗ್’ ಮೊದಲೇ ಇಲ್ಲಿತ್ತು. ಹೊರಗಿನಿಂದ ಬಂದ ಬೀಜಕ್ಕೆ ಹದವಾದ ಮಣ್ಣು ಹೀಗೆ ಮೊದಲೇ ತಯಾರಿತ್ತು. ಒಂದು ಮಾತು ಮುಚ್ಚಿಡುವುದಿಲ್ಲ: ಆ ಹಳೆಯ ದರ್ಬಾರಿನಲ್ಲಿ ಹೆಂಗಸರಿಗೆ ಜಾಗ ಇರಲಿಲ್ಲ. ಆಸ್ತಿ ತಾಯಿಯ ಕಡೆಯಿಂದ ಕಿರಿಯ ಮಗಳಿಗೆ, ಮಾತು ಮಾತ್ರ ಸೋದರಮಾವನದು. ತಾಯಿಯ ತವರು ಅಳಿಯಸಂತಾನದ ಮನೆಯಾದ್ದರಿಂದ ಈ ಲೆಕ್ಕ ನನಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

ಬೀಜ ತಂದವನು ಥಾಮಸ್ ಜೋನ್ಸ್. 1810ರಲ್ಲಿ ವೇಲ್ಸಿನ ಮಾಂಟ್‌ಗೊಮೆರಿ ಸೀಮೆಯ ಹಳ್ಳಿಯೊಂದರಲ್ಲಿ ಬಡಗಿಯ ಮನೆಯಲ್ಲಿ ಹುಟ್ಟಿದವನು, ತಾನೂ ಉಳಿ-ಬಾಚಿ ಹಿಡಿದು ಬೆಳೆದವನು. ವೇಲ್ಸಿನ ಕ್ಯಾಲ್ವಿನಿಸ್ಟ್ ಮೆಥಡಿಸ್ಟರು (ಮುಂದೆ ಇವರದೇ ಹೆಸರು ವೇಲ್ಸಿನ ಪ್ರೆಸ್ಬಿಟೇರಿಯನ್ ಸಭೆ ಎಂದಾಯಿತು) 1840ರಲ್ಲಿ ಲಿವರ್‌ಪೂಲಿನಲ್ಲಿ ತಮ್ಮದೇ ಮಿಷನ್ ಕಟ್ಟಿ ಇವನನ್ನು ಕಳಿಸಿದರು. ಹೆಂಡತಿ ಆ್ಯನ್ ಜೊತೆ ಸೊಹ್ರಾ ತಲುಪಿದ್ದು 1841ರ ಜೂನ್ 22ಕ್ಕೆ. ಜೂನ್ ಕೊನೆಯಲ್ಲಿ ಸೊಹ್ರಾಕ್ಕೆ ಬಂದವನ ಪಾಡನ್ನು ಯೋಚಿಸಿ ನೋಡಿ. ನಮ್ಮ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ಮೀರಿ ಮಳೆಯಾದರೆ ಇಲ್ಲಿ 11,000 ಮೀರಿ. ಅವನು ತೀರಿಕೊಂಡು ಹನ್ನೆರಡು ವರ್ಷಕ್ಕೆ, 1861ರ ಜುಲೈ ಒಂದೇ ತಿಂಗಳಲ್ಲಿ ಇಲ್ಲಿ 9,300 ಮಿ.ಮೀ. ಸುರಿದದ್ದು ಇವತ್ತಿಗೂ ಜಗತ್ತಿನ ದಾಖಲೆ.

ಖಾಸಿಗಳಲ್ಲಿ ಒಂದು ಹಳೆಯ ಕತೆ ಇದೆ. ದೇವರು ಖಾಸಿಗೂ ಬಯಲುಸೀಮೆಯವನಿಗೂ ಅಕ್ಷರ ಕೊಟ್ಟು ಕಳಿಸಿದ. ದಾರಿಯಲ್ಲಿ ತುಂಬಿದ ಹೊಳೆ. ಬಯಲಿನವನು ಅಕ್ಷರವನ್ನು ಜುಟ್ಟಿಗೆ ಕಟ್ಟಿಕೊಂಡು ದಾಟಿದ. ಖಾಸಿ ಬಾಯಲ್ಲಿ ಕಚ್ಚಿಕೊಂಡು ಈಜಿದ, ನೀರು ಬಾಯಿಗೆ ನುಗ್ಗಿ ಅಕ್ಷರ ಹೊಟ್ಟೆಗೆ ಹೋಯಿತು. ಅಂದಿನಿಂದ ಅವನ ವಿದ್ಯೆಯೆಲ್ಲ ಹೊಟ್ಟೆಯೊಳಗೆ, ಬಾಯಿಮಾತಿನಲ್ಲಿ. ಜೋನ್ಸ್‌ಗಿಂತ ಮೊದಲು ಬಂಗಾಳದ ಸಿರಾಂಪುರದ ಮಿಷನರಿಗಳು ಬಂಗಾಳಿ ಲಿಪಿಯಲ್ಲಿ ಖಾಸಿ ಅಚ್ಚುಹಾಕಿ ನೋಡಿದ್ದರು. ವಿಲಿಯಂ ಕೇರಿ 1817ರಲ್ಲಿ ಕನ್ನಡ ವ್ಯಾಕರಣ ಅಚ್ಚುಹಾಕಿಸಿದ್ದು ಅದೇ ಸಿರಾಂಪುರದಲ್ಲಿ. ಬಂಗಾಳಿ ಲಿಪಿ ಇಲ್ಲಿ ಹತ್ತಲಿಲ್ಲ. ಜೋನ್ಸ್ ಸೊಹ್ರಾ ಜನ ಮಾತಾಡಿದ್ದನ್ನು ಕಿವಿಗೊಟ್ಟು ಕೇಳಿ, ತನಗೆ ಗೊತ್ತಿದ್ದ ವೆಲ್ಷ್ ಕಾಗುಣಿತದಂತೆ ರೋಮನ್ ಅಕ್ಷರದಲ್ಲಿ ಬರೆದ. ಖಾಸಿ ವರ್ಣಮಾಲೆಯಲ್ಲಿ ಇಂದಿಗೂ ‘ಬಿ’ ಆದ ಮೇಲೆ, ‘ಸಿ’ಯ ಜಾಗದಲ್ಲಿ ‘ಕೆ’ ಕೂತಿದೆ. ‘ಜಿ’ ಆದ ಮೇಲೆ ‘ಎನ್‌ಜಿ’ ಎಂಬ ಜೋಡಿ, ವೆಲ್ಷ್‌ನಲ್ಲಿ ಇರುವ ಹಾಗೆಯೇ, ಒಂದೇ ಅಕ್ಷರವಾಗಿ ನಿಂತಿದೆ. ಆ ಅಕ್ಷರ ನಮ್ಮ ಙ. ಕನ್ನಡದ ಮಕ್ಕಳು ಕ ಖ ಗ ಘ ಙ ಎಂದು ಬಾಯಿಪಾಠ ಮಾಡಿ, ಆ ಅಕ್ಷರದಿಂದ ಶುರುವಾಗುವ ಒಂದು ಪದವೂ ಸಿಗದೆ ಮುಂದೆ ಹೋಗುತ್ತಾರೆ. ಖಾಸಿಯಲ್ಲಿ ‘ನಾನು’ ಎನ್ನುವ ಮಾತೇ ಙಾ. ನನ್ನ ಮಗಳು ಐದನೆಯ ವಯಸ್ಸಿಗೆ ಪಕ್ಕದ ಮನೆಯ ಮಕ್ಕಳಿಂದ ಇದನ್ನು ಕಲಿತು ಬಂದು, “ಅಪ್ಪಾ, ನಿನ್ನ ಚಾರ್ಟಿನ ಙ ಇಲ್ಲಿ ಸಿಕ್ಕಿತು” ಎಂದಿದ್ದಳು.

ಜೋನ್ಸ್ ಬಂದ ಮರುವರ್ಷವೇ ಮಾವ್‌ಸ್ಮಾಯಿ, ಮಾವ್‌ಮ್ಲುಹ್, ಸೊಹ್ರಾ ಮೂರು ಕಡೆ ಶಾಲೆ. ಸಭೆ ಮಾತ್ರ ಅಷ್ಟು ಸುಲಭಕ್ಕೆ ಕಟ್ಟಲಿಲ್ಲ. ಅವನು ಬಂದು ಸುಮಾರು ಐದು ವರ್ಷಕ್ಕೆ, 1846ರ ಮಾರ್ಚ್ 8ರಂದು, ಊ ಅಮೋರ್ ಮತ್ತು ಊ ರುಜೋನ್ ಎಂಬ ಇಬ್ಬರು ದೀಕ್ಷಾಸ್ನಾನ ಪಡೆದರು. ಇಬ್ಬರಿಂದ ಶುರುವಾದ ಸಭೆ! ಆ್ಯನ್ ಅದನ್ನು ನೋಡಲು ಉಳಿಯಲಿಲ್ಲ, 1845ರಲ್ಲೇ ಸೊಹ್ರಾದಲ್ಲಿ ತೀರಿಕೊಂಡಿದ್ದಳು. ಸಭೆ ಶುರುವಾದ ಮರುವರ್ಷ, 1847ರಲ್ಲಿ, ಮಿಷನ್ ಜೋನ್ಸ್‌ನನ್ನೇ ಹೊರಹಾಕಿತು. ಅವನ ಎರಡನೇ ಮದುವೆ, ಬೇಸಾಯಕ್ಕೆ ಕೈಹಾಕಿದ್ದು, ಮೇಲಿನವರ ಮಾತು ಕೇಳದ್ದು, ಎಲ್ಲ ಸೇರಿಕೊಂಡಿತ್ತು. ಸುಣ್ಣ, ಕಿತ್ತಳೆ ವ್ಯಾಪಾರವನ್ನೆಲ್ಲ ಮುಷ್ಟಿಯಲ್ಲಿಟ್ಟುಕೊಂಡಿದ್ದ ಹ್ಯಾರಿ ಇಂಗ್ಲಿಸ್‌ನ ವಿರುದ್ಧ ಖಾಸಿಗಳ ಪರವಾಗಿ ಅರ್ಜಿ ಬರೆದುಕೊಟ್ಟು ಅವನ ಹಗೆಯನ್ನೂ ಕಟ್ಟಿಕೊಂಡ. ಬಂಧನ ತಪ್ಪಿಸಿಕೊಂಡು ಕಾಡಿನ ದಾರಿಯಲ್ಲಿ ಓಡಾಡಿ, ಜ್ವರ ಹಿಡಿದು, 1849ರ ಸೆಪ್ಟೆಂಬರ್ 16ರಂದು ಕೊಲ್ಕತ್ತದಲ್ಲಿ ಸತ್ತ. ವಯಸ್ಸು 39. ಸ್ಕಾಟಿಷ್ ಸ್ಮಶಾನದಲ್ಲಿ ಅವನ ಸಮಾಧಿ ಇದೆ. ಬಿತ್ತಿದವನು ಹೋದ, ಕಳಿಸಿದವರು ಅವನನ್ನು ತಮ್ಮವನಲ್ಲ ಎಂದರು. ಆದರೂ ನೊಂಗ್‌ಸಾವ್ಲಿಯಾದ ಸಭೆ ಮುರಿದುಬೀಳಲಿಲ್ಲ. ವಿಲಿಯಂ ಲೂಯಿಸ್ ದಂಪತಿಯಂಥವರು ಶಾಲೆ, ಅನುವಾದ ಮುಂದುವರಿಸಿದರು. ಖಾಸಿ ಬೈಬಲ್ ಪೂರ್ತಿಯಾಗಿ ಬಂದದ್ದು 1891ರಲ್ಲಿ.

ಆರೇ ವರ್ಷಕ್ಕೆ ಭೂಮಿ ನಡುಗಿತು. 1897ರ ಜೂನ್ 12ರ ಸಂಜೆ. ಇಡೀ ಅಸ್ಸಾಂ ಸೀಮೆಯಲ್ಲಿ 1,500ಕ್ಕೂ ಹೆಚ್ಚು ಜನ ಸತ್ತರು, ಸೊಹ್ರಾದ ಇಳಿಜಾರುಗಳು ಕುಸಿದು ಹಳ್ಳಿಗಳ ಮೇಲೆ ಬಿದ್ದವು. ಮಿಷನ್ ಅರ್ಧ ಶತಮಾನ ಕಟ್ಟಿದ್ದ ಕಲ್ಲಿನ ಕಟ್ಟಡಗಳು ನಿಮಿಷಗಳಲ್ಲಿ ರಾಶಿಯಾದವು, ನೊಂಗ್‌ಸಾವ್ಲಿಯಾದ ದೇವಾಲಯವೂ. ಹಳ್ಳಿಯವರು ಮತ್ತೆ ಕಟ್ಟಿದರು. ಈ ‘ಮತ್ತೆ ಕಟ್ಟಿದರು’ ಎಂಬ ಎರಡು ಪದದ ಹಿಂದೆ ಎಷ್ಟು ಜನ ಎಷ್ಟು ಮಳೆಗಾಲ ಕಲ್ಲು ಹೊತ್ತಿರಬೇಕು ಎಂದು, ಜಾರುವ ಆ ಗುಡ್ಡದ ದಾರಿಯಲ್ಲಿ ನಡೆದಾಗಲೆಲ್ಲ ಅನ್ನಿಸುತ್ತದೆ.

ಊರಿನಿಂದ ಬರುವ ನೆಂಟರು ಇಲ್ಲಿನ ಶಿಲುಬೆಗಳನ್ನು ನೋಡಿ ಒಂದೇ ಮಾತು ಹೇಳುತ್ತಾರೆ: “ಪಾಪ, ಇವರ ಮೂಲವೆಲ್ಲ ಹೋಯಿತಲ್ಲ.” ಮೊದಮೊದಲು ನಾನೂ ಹಾಗೇ ಅಂದುಕೊಂಡಿದ್ದೆ. ಕಳೆದುಕೊಂಡದ್ದು ಸುಳ್ಳಲ್ಲ. ಹಳೆಯ ಖಾಸಿ ಪದ್ಧತಿಯಲ್ಲಿ ಹೆಣ ಸುಟ್ಟು, ಎಲುಬುಗಳನ್ನು ತಾಯಿಯ ಕುಲದ ಕಲ್ಲುಗೂಡಿನಲ್ಲಿ ಕೂಡಿಸುತ್ತಾರೆ. ಕ್ರೈಸ್ತನಾದವನನ್ನು ಹೂಳುತ್ತಾರೆ, ಅವನ ಎಲುಬು ತಾಯಿಯ ಎಲುಬಿನ ಜೊತೆ ಸೇರುವುದಿಲ್ಲ. ಮನೆಯ ಕಿರಿಯ ಮಗಳು ‘ಖದ್ದೂಹ್’ ಕುಲದ ಕರ್ಮಗಳನ್ನು ನಡೆಸುವವಳು. ಅವಳು ಮತ ಬಿಟ್ಟರೆ ಆ ಸ್ಥಾನವನ್ನೂ ಬಿಟ್ಟಂತೆ ಎಂಬುದು ಹಳೆಯ ಕಟ್ಟು. ಮನೆಗಳು ಒಡೆದಿವೆ, ತಾಯಿ-ಮಕ್ಕಳು ಮಾತು ಬಿಟ್ಟಿದ್ದಾರೆ. ಈ ಸಂಕಟದಿಂದಲೇ 1899ರ ನವೆಂಬರ್ 23ರಂದು 16 ಯುವಕರು ಸೇರಿ ಸೆಂಗ್ ಖಾಸಿ ಎಂಬ ಸಂಘ ಕಟ್ಟಿದರು. ಅವರಿಂದಾಗಿ ಹಳೆಯ ನಂಬಿಕೆ, ಹಳೆಯ ಕುಣಿತ ಇಂದಿಗೂ ಜೀವಂತ. ಏಪ್ರಿಲಿನಲ್ಲಿ ಶಿಲ್ಲಾಂಗಿನ ವೈಕಿಂಗ್ ಮೈದಾನದಲ್ಲಿ ರೇಷ್ಮೆ ಉಟ್ಟು, ಕಿರೀಟ ತೊಟ್ಟು, ಕಣ್ಣು ನೆಲಕ್ಕೆ ನೆಟ್ಟು ಹೆಜ್ಜೆ ಸರಿಸುವ ಹುಡುಗಿಯರನ್ನು ನೋಡಿ ನನ್ನ ಕಣ್ಣು ತುಂಬಿದ್ದುಂಟು. ನಮ್ಮ ತುಳುನಾಡಿನಲ್ಲೂ ಬಾಸೆಲ್ ಮಿಷನ್ ಸೇರಿದವರು ಕೋಲ ಬಿಟ್ಟು, ಗುತ್ತಿನ ಮನೆಯ ಬಾಗಿಲು ಬಿಟ್ಟು ಹೋಗಬೇಕಾಯಿತು. ಆ ನೋವು ನನಗೆ ಹೊಸದಲ್ಲ.

ಆದರೆ ‘ಎಲ್ಲ ಹೋಯಿತು’ ಎನ್ನುವವರು ಒಂದು ಭಾನುವಾರ ನೊಂಗ್‌ಸಾವ್ಲಿಯಾಕ್ಕೆ ಬಂದು ಕೂರಬೇಕು. ದೇವರಿಗೆ ಅವರು ಕರೆಯುವ ಹೆಸರು ‘ಊ ಬ್ಲೇ’. ಅಜ್ಜಂದಿರ ಕಾಲದ ಅದೇ ಹೆಸರು. ಬೋಧನೆ ಖಾಸಿ, ಪ್ರಾರ್ಥನೆ ಖಾಸಿ, ಪ್ರಕಟಣೆ ಖಾಸಿ. ಹೊರಗೆ ತಗಡಿನ ಮೇಲೆ ಮಳೆ ಎಷ್ಟು ಜೋರೆಂದರೆ ನಾನು ಹೋದ ದಿನ ಬೋಧನೆ ಮಾಡುತ್ತಿದ್ದವರು ಎರಡು ಸಲ ಮಾತು ನಿಲ್ಲಿಸಿ ಸುಮ್ಮನೆ ನಿಂತರು. ಯಾರಿಗೂ ಅವಸರ ಇಲ್ಲ. ಹಾಡಿಗೆ ಮಾತ್ರ ಮಳೆ ಅಡ್ಡಿಯಾಗಲಿಲ್ಲ. ನಾಲ್ಕು ದನಿಯಲ್ಲಿ, ವಾದ್ಯದ ಹಂಗಿಲ್ಲದೆ, ಮುದುಕರು ಕೆಳಗಿನ ಸ್ವರ ಹಿಡಿದರೆ ಶಾಲೆಯ ಮಕ್ಕಳು ಮೇಲಿನದು. ಪಕ್ಕದವರ ಹಾಡಿನ ಪುಸ್ತಕ ಇಣುಕಿ ನೋಡಿದೆ. ಐದು ಗೆರೆಯ ಪಾಶ್ಚಾತ್ಯ ಸ್ವರಲಿಪಿ ಅಲ್ಲ, ಬರೀ ಅಕ್ಷರಗಳು: ಡಿ, ಆರ್, ಎಮ್. ಟಾನಿಕ್ ಸೋಲ್ಫಾ ಎನ್ನುತ್ತಾರೆ. ವೇಲ್ಸಿನ ಗಣಿಯ ಊರುಗಳಲ್ಲಿ, ಹಳ್ಳಿಗಳಲ್ಲಿ ಬಡವರು ಹಾಡು ಕಲಿತದ್ದು ಇದರಿಂದ. ಮಿಷನರಿಗಳು ಅದನ್ನೇ ಇಲ್ಲಿಗೂ ತಂದರು. ‘ಡೋ’ ಯಾವ ಶ್ರುತಿಯಲ್ಲಿ ಬೇಕಾದರೂ ಇಟ್ಟುಕೊಳ್ಳಬಹುದು, ಉಳಿದ ಸ್ವರ ಅದಕ್ಕೆ ತಕ್ಕಂತೆ. ನಮ್ಮ ಆಧಾರ ಷಡ್ಜ ಬೇರೇನು ಮಾಡುತ್ತದೆ? ಸಂಗೀತದ ಮೇಷ್ಟ್ರು ನೋಟ್‌ಬುಕ್ಕಿನಲ್ಲಿ ಬರೆಸುತ್ತಿದ್ದ ‘ಸ ರಿ ಗ ಮ’ದ ಸಾಲುಗಳು ನೆನಪಾದವು. ಆ ಮಳೆಯಲ್ಲಿ, ಅರ್ಥವಾಗದ ಹಾಡಿನ ನಡುವೆ, ಪರಕೀಯ ಅನ್ನಿಸಲೇ ಇಲ್ಲ.

ಹಾಡು ಮುಗಿದ ಮೇಲೆ ಒಬ್ಬ ಹಿರಿಯರು ಎದ್ದು ವಾರದ ಸುದ್ದಿ ಓದಿದರು. ನಡುವಾರದ ಪ್ರಾರ್ಥನೆ ಯಾರ ಮನೆಯಲ್ಲಿ, ಯಾರು ನಡೆಸುವುದು, ಯಾರಿಗೆ ಹುಷಾರಿಲ್ಲ, ಯಾರು ನೋಡಲು ಹೋಗಬೇಕು. ಹಳ್ಳಿಯ ಸಭೆಗಳಿಗೆ ಒಬ್ಬೊಬ್ಬ ಪಾದ್ರಿ ಇರುವುದಿಲ್ಲ, ಹಲವು ಸಭೆಗಳಿಗೆ ಒಬ್ಬರು. ಅನೇಕ ಭಾನುವಾರ ಬೋಧಿಸುವವರು ಮೇಷ್ಟ್ರೋ ಗುಮಾಸ್ತರೋ ಬೇಸಾಯಗಾರರೋ ಆಗಿರುತ್ತಾರೆ. ನನ್ನ ಕಣ್ಣಿಗೆ ಈ ಸಭೆಗಳ ಗುಟ್ಟು ಇಲ್ಲಿದೆ. ಸರದಿ. ಪ್ರತಿಯೊಬ್ಬರಿಗೂ ಒಂದು ಸರದಿ ಇದೆ, ಅದು ತಪ್ಪಿದರೆ ಊರಿಗೆ ಗೊತ್ತಾಗುತ್ತದೆ. ಪಕ್ಕದ ಮಿಜೋರಾಮಿನ ಪ್ರೆಸ್ಬಿಟೇರಿಯನ್ ಹಳ್ಳಿಗಳಲ್ಲಿ 1910ರಿಂದ ‘ಬುಹ್‌ಫಾಯ್ ಥಾಮ್’ ಎಂಬ ರೂಢಿ ಇದೆ. ಹೆಂಗಸರು ಅನ್ನಕ್ಕೆ ಅಕ್ಕಿ ಅಳೆಯುವಾಗಲೆಲ್ಲ ಒಂದು ಹಿಡಿ ತೆಗೆದು ಬೇರೆ ಇಡುತ್ತಾರೆ. ಅದೆಲ್ಲ ಸೇರಿ ಸಭೆಗೆ. ನಮ್ಮಲ್ಲಿ ಮಠಗಳಿಗೆ ಹಿಡಿಯಕ್ಕಿ ಕೊಡುವ ವಾಡಿಕೆ ಇದ್ದೇ ಇದೆ. ನನ್ನ ಅಮ್ಮ ಧರ್ಮಸ್ಥಳಕ್ಕೆ ಮುಡಿಪು ಕಟ್ಟಿಡುತ್ತಿದ್ದಳು. ಆದರೆ ಮುಡಿಪು ಕಟ್ಟುವುದು ಕಷ್ಟ ಬಂದಾಗ, ಜ್ವರ ಇಳಿಯದಿದ್ದಾಗ. ಇವರದು ಒಲೆ ಹಚ್ಚಿದಾಗಲೆಲ್ಲ. ಈ ವ್ಯತ್ಯಾಸ ಸಣ್ಣದಲ್ಲ.

ಮಂಗಳೂರಿನ ಬಾಸೆಲ್ ಮಿಷನ್ ಚರಿತ್ರೆಯನ್ನು ಇದರ ಪಕ್ಕದಲ್ಲಿಟ್ಟು ನೋಡುವುದು ನನಗೆ ಅಭ್ಯಾಸವಾಗಿದೆ. ಅವರು ಬಂದದ್ದು 1834ರಲ್ಲಿ, ಜೋನ್ಸ್‌ಗಿಂತ ಏಳು ವರ್ಷ ಮೊದಲು. ಅಚ್ಚುಕೂಟ, ‘ಮಂಗಳೂರ ಸಮಾಚಾರ’, 1865ರ ಹಂಚಿನ ಕಾರ್ಖಾನೆ, ನೇಯ್ಗೆ, 1886ರಲ್ಲಿ ಮಾನ್ನರ್ ತುಳು ನಿಘಂಟು, 1894ರಲ್ಲಿ ಕಿಟ್ಟೆಲ್ ಕನ್ನಡ ನಿಘಂಟು. ನಮಗೆ ಅವರಿಂದ ಬಂದದ್ದಕ್ಕೆ ಲೆಕ್ಕವಿಲ್ಲ, ಅದನ್ನು ಮರೆತವನು ಕೃತಘ್ನ. ಆದರೆ ತುಳುವಿಗೆ ಅವರು ಹೊಸ ಲಿಪಿ ಹುಡುಕಲಿಲ್ಲ, ಕೈಗೆ ಹತ್ತಿರವಿದ್ದ ಕನ್ನಡ ಲಿಪಿಯಲ್ಲೇ ಅಚ್ಚುಹಾಕಿದರು. ಒಳ್ಳೆಯದೇ ಆಯಿತು ಎಂದು ಕನ್ನಡಿಗನಾಗಿ ನನಗೆ ಅನ್ನಿಸುತ್ತದೆ. ತುಳುವನಾಗಿ ಒಮ್ಮೊಮ್ಮೆ ಬೇರೆಯೂ ಅನ್ನಿಸುತ್ತದೆ. ಸೊಹ್ರಾದಲ್ಲೂ ಇದರ ಇನ್ನೊಂದು ಮುಖ ಇದೆ: ಜೋನ್ಸ್ ಸೊಹ್ರಾ ಮಾತನ್ನು ಬರೆದದ್ದರಿಂದ ಅದೇ ‘ಶುದ್ಧ ಖಾಸಿ’ ಆಯಿತು, ಖಾಸಿಗಳದೇ ಬೇರೆ ಕವಲುಗಳಾದ ಪ್ನಾರ್, ವಾರ್, ಭೋಯ್ ಜನರ ಮಾತು ಬದಿಗೆ ಸರಿಯಿತು. ನಮ್ಮಲ್ಲಿ ಪಠ್ಯಪುಸ್ತಕದ ಕನ್ನಡ ಕುಂದಾಪುರದವರ ನಾಲಗೆಗೆ ಮಾಡಿದ್ದೂ ಅದನ್ನೇ.

ಇನ್ನೊಂದು ಸಂಗತಿ. ಕಡೆಯ ವೆಲ್ಷ್ ಮಿಷನರಿಗಳು 1969ರಲ್ಲಿ ಈ ಗುಡ್ಡ ಇಳಿದು ಹೋದರು. ಇಲ್ಲಿ ಸಭೆ ಒಂದಕ್ಕೆ ಹತ್ತಾಗಿ ಬೆಳೆಯಿತು. ಅತ್ತ ವೇಲ್ಸಿನಲ್ಲಿ ಪ್ರಾರ್ಥನಾಲಯಗಳು ಒಂದೊಂದಾಗಿ ಬಾಗಿಲು ಹಾಕುತ್ತಿವೆ, ಮನೆಗಳಾಗುತ್ತಿವೆ, ಅಂಗಡಿಗಳಾಗುತ್ತಿವೆ. ಬಿತ್ತನೆ ಬೀಜ ಕೊಟ್ಟ ಗದ್ದೆ ಹಡಿಲು ಬಿದ್ದಿದೆ, ನಾಟಿ ಮಾಡಿದ ಗದ್ದೆಯಲ್ಲಿ ತೆನೆ ತೂಗುತ್ತಿದೆ. 2018ರಿಂದ ಮೇಘಾಲಯದಲ್ಲಿ ಜೂನ್ 22 ಥಾಮಸ್ ಜೋನ್ಸ್ ದಿನ. ಮಿಷನ್ ಹೊರಹಾಕಿದವನನ್ನು ಹಳ್ಳಿಯವರು ಒಳಗೆ ಕರೆದುಕೊಂಡರು.

ಸೊಹ್ರಾದ ಆಚೆ ಇನ್ನೂ ಸಣ್ಣ ಹಳ್ಳಿಯೊಂದರ ಸಭೆಯಲ್ಲಿ ಹಿರಿಯರಾಗಿರುವ ನಿವೃತ್ತ ಮೇಷ್ಟ್ರೊಬ್ಬರು ನನಗೆ ಬಹಳ ಆಪ್ತರು. ‘ಬಾಹ್’ ಎಂದೇ ಕರೆಯುತ್ತೇನೆ, ಅಣ್ಣ ಎಂದ ಹಾಗೆ. ಒಮ್ಮೆ ಅವರ ಮನೆಯಲ್ಲಿ ಮಳೆಗೆ ಸಿಕ್ಕಿಹಾಕಿಕೊಂಡಾಗ ತಗಡಿನ ಪೆಟ್ಟಿಗೆ ತೆರೆದು ಸಭೆಯ ಹಳೆಯ ದಾಖಲೆ ಪುಸ್ತಕಗಳನ್ನು ತೋರಿಸಿದರು. ಹೊರಗೆ ಆಕಾಶ ಕಳಚಿ ಬೀಳುವ ಸದ್ದು. ಒಳಗೆ ಒಲೆಯ ಪಕ್ಕ, ಹೊಗೆಯ ಬಿಸಿಯಲ್ಲಿ, ಆ ಪುಸ್ತಕಗಳು ಒಣಗಿ ಗರಿಗರಿಯಾಗಿದ್ದವು. ಅದಕ್ಕೆಂದೇ ಪೆಟ್ಟಿಗೆಯನ್ನು ಅಲ್ಲಿಡುತ್ತಾರಂತೆ. ಹುಟ್ಟಿದವರು, ದೀಕ್ಷೆ ಪಡೆದವರು, ಸತ್ತವರು, ಛಾವಣಿಗೆ ಯಾರು ಎಷ್ಟು ಕೊಟ್ಟರು, ಯಾರು ಹಣದ ಬದಲು ಮೂರು ದಿನ ಕಲ್ಲು ಹೊತ್ತರು. ಅಕ್ಷರ ನುಂಗಿದವನ ಮೊಮ್ಮಕ್ಕಳು ಊರಿನ ಒಂದೊಂದು ಕಲ್ಲನ್ನೂ ಬರೆದಿಟ್ಟಿದ್ದರು. “ನಿಮ್ಮ ಊರಿನಲ್ಲಿ ಇಂಥದ್ದು ಎಷ್ಟು ಹಳೆಯದು ಇರಬೇಕಲ್ಲ? ನಿಮ್ಮದು ಸಾವಿರಾರು ವರ್ಷದ ಲಿಪಿ” ಎಂದು ಕೇಳಿದರು. ಗೌರವದಿಂದಲೇ ಕೇಳಿದರು.

ಏನು ಹೇಳಲಿ? ನಮ್ಮ ದೈವಸ್ಥಾನಕ್ಕೂ ಒಂದು ಕಡತ ಇತ್ತು. ಹುಣಸೆಬೀಜದ ಸರಿ, ಇದ್ದಿಲ ಮಸಿ ಬಳಿದ ಬಟ್ಟೆಯನ್ನು ಮಡಿಸಿ ಮಾಡಿದ ಕರಿಯ ಹೊತ್ತಗೆ, ಬಳಪದಲ್ಲಿ ಬರೆದ ಬಿಳಿಯ ಅಕ್ಷರ. ಅಜ್ಜ ವರ್ಷಕ್ಕೊಮ್ಮೆ, ನೇಮದ ಮೊದಲು, ಅಂಗಳದಲ್ಲಿ ಚಾಪೆ ಹಾಸಿ ಅದನ್ನು ಬಿಡಿಸಿ ಓದುತ್ತಿದ್ದರು. ಯಾವ ಮನೆಯಿಂದ ಎಷ್ಟು ಅಕ್ಕಿ, ಎಷ್ಟು ತೆಂಗು, ಯಾರ ಸರದಿ. ನಾನು ಮಗ್ಗುಲಲ್ಲಿ ಕೂತು ಕಿವಿಗೊಡುತ್ತಿದ್ದೆ. ಓದು ಮುಗಿದ ಮೇಲೆ ಬೆರಳಿಗೆ ಮೆತ್ತಿದ ಬಳಪದ ಪುಡಿಯನ್ನು ಅಜ್ಜ ನನ್ನ ಹಣೆಗೆ ಸವರುತ್ತಿದ್ದರು. ಅಜ್ಜ ಹೋದ ಮೇಲೆ ಜೀರ್ಣೋದ್ಧಾರ ಬಂತು. ಮುಂಬಯಿಯಿಂದ, ಕೊಲ್ಲಿ ದೇಶದಿಂದ ಹಣ ಬಂತು, ಗ್ರಾನೈಟ್ ನೆಲ ಬಂತು, ದಾನಿಗಳ ಹೆಸರಿನ ಕಪ್ಪುಕಲ್ಲು ಗೋಡೆಗೆ ಹತ್ತಿತು. ನಾನೂ ಕಳಿಸಿದ್ದೆ, ನನ್ನ ಹೆಸರೂ ಇದೆ. ಹಳೆಯ ಚಾವಡಿ ಬಿಚ್ಚುವ ದಿನ ಕಡತ ಯಾವುದೋ ಗೋಣಿಯಲ್ಲಿ ಸೇರಿ ಅಟ್ಟಕ್ಕೆ ಹೋಗಿ, ಎರಡು ಮಳೆಗಾಲ ಸೋರುವ ಹಂಚಿನ ಕೆಳಗೆ ಉಳಿಯಿತು. ನಾನು ರಜೆಯಲ್ಲಿ ಹೋಗಿ ಕೇಳುವಾಗ ಗೆದ್ದಲು ತಿಂದ ಅಂಚುಗಳು, ನೀರಿಗೆ ಅಳಿಸಿದ ಅಕ್ಷರ. ಯಾರನ್ನೂ ದೂರುವುದಿಲ್ಲ. ನಾನು ಅಲ್ಲಿರಲಿಲ್ಲ, ಅಷ್ಟೇ.

ಕಲ್ಲಿನಲ್ಲಿ ಹೆಸರು ಕೆತ್ತಿಸುವ ನಾವು ಹೊತ್ತವರ ಹೆಸರನ್ನು ಬರೆದಿಡುವುದನ್ನು ಯಾವಾಗ ಬಿಟ್ಟೆವು? ಹಣ ಕಳಿಸುವ ಹೊರನಾಡಿನವರಾದ ನಮಗೆ ಊರಿನ ಸರದಿಯಲ್ಲಿ ಒಂದು ದಿನವೂ ಇಲ್ಲ. ಶಿಲ್ಲಾಂಗಿನಲ್ಲೂ ನಾವು ಕೆಲವು ಕನ್ನಡದ ಮನೆಗಳಿದ್ದೇವೆ. ಸೈನ್ಯದವರು, ಬ್ಯಾಂಕಿನವರು, ವಿಶ್ವವಿದ್ಯಾಲಯದವರು. ನವೆಂಬರಿನಲ್ಲಿ ಒಮ್ಮೆ ಬಾವುಟ, ಹೋಳಿಗೆ, ಗುಂಪುಚಿತ್ರ. ಆಮೇಲೆ ಮುಂದಿನ ನವೆಂಬರಿಗೆ. ಮಗಳು ಖಾಸಿ ಹಾಡನ್ನು ಪುಸ್ತಕ ನೋಡಿ ತಡವರಿಸದೆ ಹಾಡುತ್ತಾಳೆ, ಅಜ್ಜಿಗೆ ಮಾತ್ರ ಮೊಬೈಲಿನಲ್ಲಿ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುತ್ತಾಳೆ. ಅಜ್ಜಿಗೆ ಅದು ಓದಲು ಬಾರದು. ಖಾಸಿಯನ್ನು ಉಳಿಸಿದ ಆ ರೋಮನ್ ಅಕ್ಷರಗಳೇ ನನ್ನ ಮನೆಯಲ್ಲಿ ಅಮ್ಮನಿಗೂ ಮೊಮ್ಮಗಳಿಗೂ ನಡುವೆ ಗೋಡೆಯಾಗಿ ನಿಂತಿವೆ. ಲಿಪಿ ಎಲ್ಲಿಂದ ಬಂತು ಎಂಬುದಕ್ಕಿಂತ ಅದರಲ್ಲಿ ದಿನಾ ಯಾರು ಯಾರಿಗೆ ಬರೆಯುತ್ತಾರೆ ಎಂಬುದು ದೊಡ್ಡದು ಎಂದು ನಾನು ನಂಬುತ್ತೇನೆ.

ಆ ದಿನ ಬಾಹ್ ಅವರಿಗೆ ಕಡತದ ಕತೆ ಹೇಳಿದೆ. ಅವರು ಸಮಾಧಾನದ ಮಾತು ಆಡಲಿಲ್ಲ. ಕ್ವಾಯ್ ಮಡಿಸುತ್ತಾ, “ಅದರಲ್ಲಿ ಏನು ಬರೆದಿತ್ತು?” ಎಂದರು. ನೆನಪಿಲ್ಲ ಎಂದೆ. “ಅಜ್ಜ ಓದುವಾಗ ಪಕ್ಕದಲ್ಲಿ ಕೂತಿದ್ದೆ ಎಂದೆಯಲ್ಲ, ಕಿವಿಯಲ್ಲಿ ಏನಾದರೂ ಉಳಿದಿರಬೇಕು” ಎಂದು ಮತ್ತೆ ಕೇಳಿದರು. ಮನೆಗೆ ಬಂದು ಅಮ್ಮನಿಗೆ ಫೋನ್ ಮಾಡಿದೆ. ಅವಳಿಗೆ ಗೊತ್ತಿದ್ದದ್ದು ಅವಳು ಹೇಳಿದಳು, ಊರಿನ ಇಬ್ಬರು ಮುದುಕರು ಇನ್ನಷ್ಟು ಕೂಡಿಸಿದರು. ಮಗಳಿಗೆ ಇನ್ನೂರು ಪುಟದ ಒಂದು ನೋಟ್‌ಬುಕ್ ತಂದುಕೊಟ್ಟೆ. ಈಗ ತಿಂಗಳಿಗೆ ಎರಡು ಭಾನುವಾರ, ಒಂದೊಂದು ಸಲ ಒಬ್ಬೊಬ್ಬ ಕನ್ನಡಿಗರ ಮನೆಯಲ್ಲಿ, ಅವರವರ ಊರಿನ ನೆನಪು ಅದಕ್ಕೆ ಸೇರುತ್ತಿದೆ. ಬರೆಯುವವಳು ಅವಳು, ಒತ್ತಕ್ಷರಕ್ಕೆ ಇನ್ನೂ ತಡವರಿಸುತ್ತಾಳೆ. ಮೊದಲ ಪುಟ ನಮ್ಮ ಊರಿನದು: ದೀಪದೆಣ್ಣೆ, ಮೂಡುಮನೆಯಿಂದ ಎರಡು ಕುಡ್ತೆ. ಅಕ್ಕಿ, ಕೆಳಮನೆಯಿಂದ ಒಂದು ಕಳಸಿಗೆ. ಬೊಂಡ, ಹೊಳೆಬದಿಯವರಿಂದ ಒಂಬತ್ತು. ಅಂಗಳಕ್ಕೆ ಸೆಗಣಿ ಸಾರಿಸುವುದು, ಈ ವರ್ಷ ಬಡಗು ಮನೆಯ ಸರದಿ.